ಏಣಿಯ ಬುಡದಲ್ಲಿ ಕೂತವಳು

ಅಜ್ಜನಿಗೆ ಅಡುಗೆ ಬರುತ್ತಿತ್ತು. ಬರುತ್ತಿತ್ತು ಅಂದರೆ ಏನೋ ಒಂದು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳುವಷ್ಟಲ್ಲ. ಅಜ್ಜಿ ಮಾಡಿದ್ದಕ್ಕಿಂತ ಅಜ್ಜ ಮಾಡಿದ್ದೇ ರುಚಿ ಎಂದು ಮೊಮ್ಮಕ್ಕಳೆಲ್ಲ ಅಜ್ಜಿಯ ಮುಖದ ಮೇಲೇ ಹೇಳಿ ಸೌಟಿನಿಂದ ಪೆಟ್ಟು ತಿಂದಿದ್ದರು. ಹೀಗಿರುವಾಗ, ಇಪ್ಪತ್ತಾರು ವರ್ಷದ ಹಿಂದೆ, ಆಗ ಬೇರೆ ಊರಲ್ಲಿದ್ದ ಮಗಳ ಮೊದಲ ಹೆರಿಗೆಗೆಂದು ಒಂದು ತಿಂಗಳ ಬಟ್ಟೆ ತುಂಬಿಕೊಂಡು ಬಂದ ಅಜ್ಜಿ, ಎರಡನೇ ದಿನಕ್ಕೇ ಪೆಟ್ಟಿಗೆ ಮುಚ್ಚಿ "ನಿಮ್ಮಪ್ಪಂಗೆ ಊಟಕ್ಕೆ ಕಷ್ಟ ಕಣೇ" ಎಂದು ಹೊರಟುಬಿಟ್ಟಳಲ್ಲ, ಅದು ಹೇಗೆ?

ಆ ಹೆರಿಗೆಯಲ್ಲಿ ಹುಟ್ಟಿದ ಕೂಸೇ ಈಗ ಈ ಪ್ರಶ್ನೆಯ ಬೆನ್ನು ಹತ್ತಿದ ಮೊಮ್ಮಗಳು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಅವಳಿಗೆ ಕೆಲಸ. ದಿನವಿಡೀ ಜನ ಅವಳ ತಲೆ ತಿನ್ನುತ್ತಾರೆ, ಸಂಜೆ ಬಂದು ಅವಳು ಆ ಸೇಡನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಾಳೆ ಎಂಬುದು ಅಮ್ಮನ ದೂರು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಪ್ರಶ್ನೆಪತ್ರಿಕೆ ಎಂದು. ಅಜ್ಜಿ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂದು ಭಾನುವಾರ ಎಲ್ಲರೂ ಸೇರಿ ಅವಳನ್ನು ನೆನೆಯೋಣ ಎಂದು ಮಾತಾದಾಗ, ಅಮ್ಮನ ತಮ್ಮ, ಎಂದರೆ ಮಾವ, "ಅಜ್ಜಿ ಬಗ್ಗೆ ಒಂದು ಪುಟ ಬರೆದು ಓದಮ್ಮ, ಹೇಗೂ ಎಲ್ಲರನ್ನೂ ಕೇಳಿ ಕೇಳಿ ಸಾಯಿಸ್ತೀಯ" ಎಂದು ಆ ಕೆಲಸವನ್ನು ಅವಳ ಕೊರಳಿಗೆ ಕಟ್ಟಿದ.

ಮೊದಲು ಅವಳು ಹೋದದ್ದು ಅಮ್ಮನ ಅಂಗಡಿಗೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅಮ್ಮನದು. ಎರಡಾಳು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಷ್ಟು ಜಾಗ, ಮೇಲೆ ತಂತಿಯ ತುಂಬ ಅಂಗಿಗಳು. ಅಮ್ಮ ಇಸ್ತ್ರಿ ನಿಲ್ಲಿಸದೆಯೇ ಉತ್ತರ ಕೊಟ್ಟಳು.

"ಒಳ್ಳೆ ಹೆಂಡ್ತಿ ಆಗಿದ್ಲು ಅಂತ ಬರಿ. ಒಳ್ಳೆ ಅಜ್ಜಿ ಅಂತ್ಲೂ ಬರಿ, ಅದೇನು ಸುಳ್ಳಲ್ಲ. ತಾಯಿ ಅನ್ನೋ ವಿಷಯ ಬಂದಾಗ ಮಾತ್ರ ನನ್ನನ್ನ ಕೇಳ್ಬೇಡ."

"ಅಂದ್ರೆ?"

"ಅಂದ್ರೆ ಅಷ್ಟೆ. ನಿನಗೆ ಹಾಲು ಕುಡಿಯೋಕೆ ಬರ್ತಿರ್ಲಿಲ್ಲ, ನನಗೆ ಕುಡಿಸೋಕೆ ಬರ್ತಿರ್ಲಿಲ್ಲ. ಮೈ ಕೆಂಡದ ಹಾಗೆ ಸುಡ್ತಿತ್ತು. ತಾಯಿ ಮಗು ಇಬ್ರೂ ಅಳ್ತಾ ಮಲಗಿದ್ವಿ. ಅವಳು ಗಂಡನ ಊಟ ನೆನಪಿಸ್ಕೊಂಡು ಬಸ್ ಹತ್ತಿದ್ಲು."

"ಅಜ್ಜನಿಗೆ ಅಡುಗೆ ಬರುತ್ತಲ್ಲಮ್ಮ?"

"ಇಪ್ಪತ್ತಾರು ವರ್ಷದಿಂದ ನಾನೂ ಅದನ್ನೇ ಕೇಳ್ಕೊಳ್ತಾ ಇದ್ದೀನಿ," ಎಂದು ಅಮ್ಮ ಅಂಗಿಯ ಕಾಲರನ್ನು ತಿರುವಿ ಹಾಕಿದಳು. "ನಿನ್ನ ತಂಗಿ ಹುಟ್ಟಿದಾಗ ನಾನು ಕರೀಲೇ ಇಲ್ಲ."

ಮೊಮ್ಮಗಳಿಗೆ ಪೇಚಿಗಿಟ್ಟುಕೊಂಡಿತು. ತಾಯಿ ಎಂದು ಬರೆದರೆ ಮೊದಲ ಸಾಲಿನಲ್ಲಿ ಕೂತ ಅಮ್ಮ ಎದ್ದು ಹೋದಾಳು. ಬಿಟ್ಟರೆ ಮಾವ ಸುಮ್ಮನಿರಲಾರ. ಅದಕ್ಕಿಂತ ಹೆಚ್ಚಾಗಿ, ಅಮ್ಮನ ದನಿ ಅವಳಿಗೆ ಸಹಿಸಲಾಗಲಿಲ್ಲ. ಐವತ್ತರ ಹೆಂಗಸು, ಸತ್ತ ತಾಯಿಯ ಮೇಲೆ ಇಷ್ಟು ಹಸಿ ಸಿಟ್ಟು ಇಟ್ಟುಕೊಂಡು ಹೇಗೆ ಬದುಕುತ್ತಾಳೆ? ಭಾನುವಾರಕ್ಕೆ ಇನ್ನು ಐದು ದಿನ ಇತ್ತು. ಅಷ್ಟರೊಳಗೆ ಆ ಬಸ್ಸು ಯಾಕೆ ಹತ್ತಿದಳು ಎನ್ನುವುದು ಗೊತ್ತಾಗಲೇಬೇಕಿತ್ತು.

ಅಜ್ಜಿಯ ಬಗ್ಗೆ ಗೊತ್ತಿದ್ದದ್ದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಕುಳ್ಳಗೆ, ಗುಂಡಗೆ ಇದ್ದಳು. ನಕ್ಕರೆ ಕಣ್ಣಲ್ಲಿ ನೀರು ಬಂದು, ಕೊನೆಗೆ ಯಾವುದಕ್ಕೆ ನಕ್ಕೆ ಎಂಬುದೇ ಮರೆತುಹೋಗುತ್ತಿತ್ತು. ಮೊಮ್ಮಕ್ಕಳ ಹಾಲುಹಲ್ಲು ಬಿದ್ದರೆ ತಾನೇ ಬಾಯಿ ತೆಗೆಸಿ ಪರೀಕ್ಷೆ ಮಾಡಿ, ಹೊಸದು ಬರಲು ಎಷ್ಟು ದಿನ ಬೇಕು ಎಂದು ತೀರ್ಪು ಕೊಡುತ್ತಿದ್ದಳು. ಅಂಗಡಿಯವರ ಜೊತೆ ಜಗಳಕ್ಕೆ ನಿಂತರೆ ಅಂಗಡಿಯವರೇ ಸೋತು ಕೂರಲು ಸ್ಟೂಲು ಕೊಡುತ್ತಿದ್ದರು. ಇಷ್ಟೆಲ್ಲ ಗಟ್ಟಿಗಿತ್ತಿ, ಗಂಡನ ವಿಷಯದಲ್ಲಿ ಮಾತ್ರ ಅವನ ಬಾಲ.

ಅಜ್ಜ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನ ಅಕ್ಷರ ಅಂದರೆ ಅಚ್ಚು. ದಾರ ಹಿಡಿದು ಗೆರೆ ಎಳೆಯದೆ, ಬರಿಗಣ್ಣಲ್ಲಿ ಅಳೆದು, ಇಪ್ಪತ್ತಡಿ ಗೋಡೆಯ ಮೇಲೆ ಬರೆದರೂ ಕೊನೆಯ ಅಕ್ಷರ ಸರಿಯಾಗಿ ಅಂಚಿಗೆ ಬಂದು ಕೂರುತ್ತಿತ್ತು. ಅವನು ಏಣಿ ಹತ್ತಿದರೆ ಅಜ್ಜಿ ಏಣಿಯ ಬುಡದಲ್ಲಿ. ಪುಟ್ಟ ಮಣೆ, ಹರಿದ ಬಟ್ಟೆ ಹೊಲಿಯುವ ಚೀಲ, ಸುತ್ತಲೂ ಬಣ್ಣದ ಡಬ್ಬ. ಅವನು ಕೈ ಚಾಚಿದಾಗ ಒಂದೊಂದೇ ಡಬ್ಬ ಮೇಲೆ ಕೊಡುವಳು. ಐವತ್ತೆರಡು ವರ್ಷ ಹೀಗೆ. ಮಗಳ ಹೆರಿಗೆಯ ಆ ಎರಡು ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿದ್ದಿಲ್ಲ, ಯಾರ ಮನೆಯಲ್ಲೂ ಒಂದು ರಾತ್ರಿ ತಂಗಿದ್ದಿಲ್ಲ. ಗಂಡ ಏಣಿಯಿಂದ ಬಿದ್ದಾನೆಂಬ ಭಯ ಅವಳಿಗೆ ಎಂದು ಕೆಲವರು, ಬೇರೆಯವಳು ಕಣ್ಣು ಹಾಕಿಯಾಳೆಂಬ ಭಯ ಎಂದು ಬೀದಿಯ ಕೊಂಕು ನಾಲಿಗೆಗಳು. ಅಜ್ಜಿ ಎರಡಕ್ಕೂ ನಗುತ್ತಿದ್ದಳು.

ಬುಧವಾರ ಬೆಳಗಿನ ಪಾಳಿ ಮುಗಿದ ಮೇಲೆ ಮೊಮ್ಮಗಳು ಅಜ್ಜನ ಮನೆಗೆ ಹೋದಳು. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಒಂದು ಕಡೆ ಏಣಿಗಳು, ಇನ್ನೊಂದು ಕಡೆ ಗೋಡೆಯುದ್ದಕ್ಕೂ ಡಬ್ಬಗಳ ಹಲಗೆ, ನಡುವೆ ಸೀಮೆಎಣ್ಣೆ ವಾಸನೆ. ಅಜ್ಜ ಅವಳಿಗೆ ಊಟ ಬಡಿಸಿದ. ಎಂದಿನಂತೆ ಬೆರಳು ಚೀಪುವ ಹಾಗಿತ್ತು. ಅವಳು ಚೀಪುತ್ತಲೇ ಕೇಳಿದಳು.

"ಅಜ್ಜ, ನಾನು ಹುಟ್ಟಿದಾಗ ಅಜ್ಜಿ ಎರಡೇ ದಿನಕ್ಕೆ ವಾಪಸ್ ಬಂದ್ಳಲ್ಲ, ಯಾಕೆ?"

"ಅವಳು ಹಾಗೇನೇ," ಎಂದು ಅಜ್ಜ ಮಾತು ತೇಲಿಸಿದ. "ಇನ್ನೊಂಚೂರು ಹಾಕ್ಲಾ?"

"ನಿನಗೆ ಊಟಕ್ಕೆ ಕಷ್ಟ ಅಂದ್ಳಂತೆ."

ಅಜ್ಜ ಪಾತ್ರೆ ತೊಳೆಯಲು ಎದ್ದುಹೋದ. ಉತ್ತರ ಬೇಡವಾದಾಗ ಜನ ಕಿಟಕಿ ಬಿಟ್ಟು ಹೋಗುವುದನ್ನು ಮೊಮ್ಮಗಳು ದಿನಾ ನೋಡುವವಳು. ಅವಳು ತೆಪ್ಪಗೆ ಮುಂದಿನ ಕೋಣೆಗೆ ಬಂದು ಡಬ್ಬಗಳ ಮೇಲೆ ಕಣ್ಣಾಡಿಸಿದಳು.

ಅಂಗಡಿಯ ಹೆಸರಿದ್ದ ಡಬ್ಬಗಳು ಕಡಿಮೆ. ಗಿರಾಕಿ ಕೇಳುವ ಬಣ್ಣ ಸಿದ್ಧವಾಗಿ ಸಿಗುವುದಿಲ್ಲ, ಬೆರೆಸಿಕೊಳ್ಳಬೇಕು. ಬೆರೆಸಿದ್ದನ್ನು ಹಳೆಯ ಡಬ್ಬಗಳಿಗೆ ಸುರಿದಿಡುವುದು ಅಜ್ಜಿಯ ಕೆಲಸವಾಗಿತ್ತು. ಹಲವು ಡಬ್ಬಗಳ ತಂತಿ ಹಿಡಿಗೆ ಒಂದೊಂದು ದಾರ ಕಟ್ಟಿತ್ತು, ದಾರದಲ್ಲಿ ಗಂಟುಗಳು. ಒಂದು ಗಂಟಿನವೆಲ್ಲ ಕೆಂಪು. ಎರಡು ಗಂಟಿನವೆಲ್ಲ ಹಸಿರು. ಮೂರು ಗಂಟು ಕಂದು. ನೀಲಿಗೂ ಹಳದಿಗೂ ದಾರವೇ ಇಲ್ಲ. ಅವಳಿಗೆ ವಿಚಿತ್ರ ಅನ್ನಿಸಿತು. ಪ್ರತಿ ಡಬ್ಬದ ಮೈಮೇಲೂ ಒಣಗಿದ ಬಣ್ಣ ಇಳಿದು ಅಂಟಿಕೊಂಡಿದೆ. ಕೆಂಪು ಯಾವುದು ಎಂದು ಹಾದಿಯಲ್ಲಿ ಹೋಗುವವರೂ ಹೇಳಬಹುದು. ಕಣ್ಣಿಗೆ ರಾಚುವಂತೆ ಇರುವುದಕ್ಕೆ ಗಂಟು ಯಾಕೆ?

ಹಲಗೆಯ ಕೆಳಗೆ ಎರಡು ಡಬ್ಬ ಬೇರೆಯಾಗಿ ಕೂತಿದ್ದವು. ಅವಕ್ಕೆ ದಾರವಿರಲಿಲ್ಲ.

ಆ ಎರಡು ಡಬ್ಬದ ಕಥೆ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ನೆಲದ ಮೇಲೆ ರೋಗಿಗಳಿಗೆ ದಾರಿ ತೋರಿಸುವ ಗೆರೆಗಳಿರುತ್ತವಲ್ಲ, ನೀಲಿ ಹಿಡಿದು ಹೋದರೆ ಎಕ್ಸ್‌ರೇ, ಹಳದಿ ಹಿಡಿದು ಹೋದರೆ ಔಷಧಿ ಕೊಡುವ ಜಾಗ, ಅವನ್ನು ಹೊಸದಾಗಿ ಬಳಿಯುವ ಕೆಲಸ ಅಜ್ಜ ಒಪ್ಪಿಕೊಂಡಿದ್ದ. ನೀಲಿ, ಹಳದಿ ಮುಗಿದಿದ್ದವು. ತುರ್ತು ಚಿಕಿತ್ಸೆಯ ಕೆಂಪು, ಹೆರಿಗೆ ವಾರ್ಡಿನ ಹಸಿರು ಉಳಿದಿದ್ದವು. ಅಷ್ಟರಲ್ಲಿ ಅಜ್ಜಿ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಆಮೇಲೆ ಬಣ್ಣದ ಅಂಗಡಿಯವನು ನೆಲಕ್ಕೆ ಬಳಿಯುವ ಆ ಎರಡು ಬಣ್ಣವನ್ನು ಹೆಸರಿಲ್ಲದ ಡಬ್ಬಗಳಿಗೆ ಬಿಡಿಯಾಗಿ ಸುರಿದು ಕಳಿಸಿದ್ದ. ಅಜ್ಜ ನಾಲ್ಕು ಸಲ ಹೊರಟು ನಾಲ್ಕು ಸಲವೂ ವಾಪಸು ಬಂದಿದ್ದ. ಒಮ್ಮೆ ನೆಲ ಒದ್ದೆ, ಒಮ್ಮೆ ಮಂಡಿ ನೋವು, ಒಮ್ಮೆ ಇನ್ನೇನೋ. ದುಃಖ, ಪಾಪ, ಎಂದು ಎಲ್ಲರೂ ಸುಮ್ಮನಿದ್ದರು. ಆಸ್ಪತ್ರೆಯವರೂ ಸುಮ್ಮನಿದ್ದು ಸುಮ್ಮನಿದ್ದು, ನಾಳೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು.

ಅಜ್ಜ ಕೈ ಒರೆಸಿಕೊಳ್ಳುತ್ತಾ ಬಂದ. ಎರಡೂ ಡಬ್ಬದ ಮುಚ್ಚಳ ಎಬ್ಬಿಸಿ ಅವಳ ಮುಂದಿಟ್ಟ.

"ನಾಳೆ ಯಾವುದರಿಂದ ಶುರು ಮಾಡ್ಲಿ ಅಂತೀಯ?"

ಇದು ಮನೆಯವರೆಲ್ಲರ ಕಿವಿಗೆ ಸಾವಿರ ಸಲ ಬಿದ್ದಿದ್ದ ಮಾತು. ಅಜ್ಜ ಅಜ್ಜಿಯನ್ನು ಕೇಳದೆ ಒಂದು ಡಬ್ಬ ಮುಟ್ಟುತ್ತಿರಲಿಲ್ಲ. "ಕೆಂಪಿಂದ ಮಾಡಿ, ಇಗೋ" ಎಂದು ಅಜ್ಜಿ ಡಬ್ಬ ಮುಂದೆ ತಳ್ಳುತ್ತಿದ್ದಳು. ಹೆಂಡತಿಯನ್ನು ಹೀಗೆ ಕೇಳಿ ನಡೆಯುವ ಗಂಡ ಎಲ್ಲಿ ಸಿಗುತ್ತಾನೆ ಎಂದು ಸೊಸೆಯಂದಿರು ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು.

"ನಿನ್ನಿಷ್ಟ ಅಜ್ಜ. ಯಾವುದಾದ್ರೇನು?" ಎಂದಳು ಮೊಮ್ಮಗಳು.

ಅಜ್ಜನ ಮುಖ ಸಪ್ಪಗಾಯಿತು. ಅವನು ಬಗ್ಗಿ ಒಂದನ್ನು ಕಡ್ಡಿಯಿಂದ ಕಲಕಿದ, ಇನ್ನೊಂದನ್ನೂ ಕಲಕಿದ, ಎರಡನ್ನೂ ಬೆಳಕಿಗೆ ಹಿಡಿದ. ಆಮೇಲೆ ಎರಡನ್ನೂ ಮೂಸಿ ನೋಡಿದ.

ಅವಳ ತಲೆಯೊಳಗೆ ಅಜ್ಜಿಯ ದನಿ ಒಂದೇ ಸಮನೆ ಮಾತಾಡತೊಡಗಿತು. ರಸ್ತೆ ದಾಟುವಾಗ "ಹಸಿರು ಬಂತು, ನಡೀರಿ." ತರಕಾರಿ ಅಂಗಡಿಯಲ್ಲಿ "ಅದು ಕಾಯಿ, ಇದು ಹಣ್ಣಾಗಿದೆ, ಇದನ್ನ ತಗೊಳ್ಳಿ." ಯಾರದೋ ಮನೆ ಹುಡುಕುವಾಗ "ಅದೇ ಆ ಕೆಂಪು ಬಾಗಿಲು, ಎಡಗಡೆದು." ಬಣ್ಣ ಬಳಿಯುವವನ ಹೆಂಡತಿ, ಬಾಯಿ ತೆರೆದರೆ ಬಣ್ಣ ಎಂದು ಮಕ್ಕಳು ಅಣಕಿಸುತ್ತಿದ್ದರು. ಅಷ್ಟೂ ಮಾತು ಒಬ್ಬನಿಗಾಗಿ ಆಡಿದ್ದೇ?

"ಅಜ್ಜ," ಎಂದಳು ಮೆಲ್ಲಗೆ. "ನಿನ್ನ ಬಲಗೈಲಿರೋದು ಯಾವ ಬಣ್ಣ?"

ಅಜ್ಜ ಡಬ್ಬ ಕೆಳಗಿಟ್ಟ. ಮಣೆ ಎಳೆದು ಕೂತ. ಎಪ್ಪತ್ತೈದು ವರ್ಷದ ಮುದುಕ ಪಾಠ ಒಪ್ಪಿಸಲಾರದ ಹುಡುಗನ ಹಾಗೆ ಕಾಣಿಸಿದ.

"ಗೊತ್ತಿಲ್ಲ ಕಣಮ್ಮ," ಎಂದ. "ನನಗೆ ಎರಡೂ ಒಂದೇ ಥರ."

ಬಾಯಿ ಬಿಟ್ಟ ಮೇಲೆ ಅಜ್ಜ ನಿಲ್ಲಲಿಲ್ಲ. ಚಿಕ್ಕಂದಿನಿಂದಲೂ ಹಾಗೇ, ಕೆಂಪು, ಹಸಿರು, ಕಂದು ಅವನಿಗೆ ಒಂದೇ ಮಣ್ಣುಬಣ್ಣ. ಕೈಯಲ್ಲಿ ಅಕ್ಷರವಿತ್ತು, ಬೇರೆ ಯಾವ ಕೆಲಸವೂ ಹಿಡಿಸಲಿಲ್ಲ. ಮದುವೆಯ ಹೊಸತರಲ್ಲಿ ಹೆಂಡತಿಗೆ ಕೆಂಪು ಶಾಲು ಎಂದು ಪ್ರೀತಿಯಿಂದ ತಂದುಕೊಟ್ಟ. ಅವಳು ಹೊದ್ದುಕೊಂಡು ಮೂರು ದಿನ ಓಡಾಡಿದಳು. ನಾಲ್ಕನೇ ದಿನ, "ಇದು ಹಸಿರು ಶಾಲು ಕಣ್ರೀ. ಇನ್ಮೇಲೆ ಕೆಲಸಕ್ಕೆ ನಾನೂ ಬರ್ತೀನಿ" ಎಂದಳು. ಅಷ್ಟೇ. ಬಣ್ಣ ಬೆರೆಸುವುದು ಕಲಿತಳು, ದಾರಕ್ಕೆ ಗಂಟು ಹಾಕಿದಳು, ಏಣಿಯ ಬುಡದಲ್ಲಿ ಮಣೆ ಹಾಕಿ ಕೂತಳು.

"ಯಾರಿಗೂ ಹೇಳ್ಲಿಲ್ವಾ?"

"ಬಣ್ಣ ಕಾಣದವನ ಹತ್ರ ಯಾರಮ್ಮ ಬೋರ್ಡು ಬರೆಸ್ತಾರೆ?"

"ನಾನು ಹುಟ್ಟಿದಾಗ?"

ಅಜ್ಜನಿಗೆ ಒಂದು ಕಡೆ ನಗು, ಇನ್ನೊಂದು ಕಡೆ ಅಳು. "ಹಲ್ಲಿನ ಡಾಕ್ಟರ ಬೋರ್ಡು. ದೊಡ್ಡದಾಗಿ ನಗ್ತಿರೋ ಬಾಯಿ ಬರೀಬೇಕಿತ್ತು. ನಿಮ್ಮಜ್ಜಿ ಊರಿಗೆ ಹೋಗಿದ್ಲು, ಬೆರೆಸಿಟ್ಟಿದ್ದು ಸಾಲ್ದೆ ಬಂತು. ಅಂಗಡಿಯಿಂದ ಬಿಡಿ ಬಣ್ಣ ಎರಡು ಡಬ್ಬ ತರಿಸ್ದೆ, ತುಟಿಗೊಂದು, ಅಂಚಿಗೊಂದು. ಜನ ಗುಂಪು ಕಟ್ಕೊಂಡು ನೋಡ್ತಿದ್ರು. ಚೆನ್ನಾಗಿ ಬಂದಿದೆ ಅಂದ್ಕೊಂಡೆ."

"ಹಸಿರು ತುಟಿ!"

"ನಾಲ್ಕಡಿ ಅಗಲ. ಡಾಕ್ಟರು ಬಂದು, ಈ ಹೆಂಗಸು ಏನು ತಿಂದಿದ್ದಾಳಪ್ಪ ಅಂದ್ರು."

ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅಜ್ಜ ಉಳಿದದ್ದನ್ನು ಹೇಳಿದ. ಪಕ್ಕದ ಅಂಗಡಿಯಿಂದ ಮಗಳ ಊರಿಗೆ ಫೋನು ಮಾಡಿ 'ಬಾ' ಎಂದಿದ್ದ. ಅಜ್ಜಿ ಬಂದವಳೇ ಡಾಕ್ಟರ ಮುಂದೆ ನಿಂತು, ಮಗಳ ಹೆರಿಗೆ ಗಡಿಬಿಡಿಯಲ್ಲಿ ಡಬ್ಬ ಅದಲುಬದಲು ಮಾಡಿದ್ದು ತಾನೇ, ಬೈಯುವುದಾದರೆ ತನ್ನನ್ನು ಬೈಯಿರಿ ಎಂದಳು. ಮರುದಿನದ ಹೊತ್ತಿಗೆ ತುಟಿ ಕೆಂಪಾಯಿತು. ಗಂಡನ ಮಾನ ಉಳಿಯಿತು.

"ಅಮ್ಮನಿಗೆ ಮಾತ್ರ ನಿನ್ನ ಊಟದ ನೆಪ ಹೇಳಿದ್ಲು."

"ಬೇರೆ ಏನು ಹೇಳೋಕಾಗ್ತಿತ್ತು? ನೀನೂ ಯಾರಿಗೂ ಹೇಳ್ಬೇಡ ಪುಟ್ಟಿ. ಅವಳು ಇಷ್ಟು ವರ್ಷ ಕಾಪಾಡಿದ ಗುಟ್ಟು."

ಮೊಮ್ಮಗಳಿಗೆ ಈಗ ನಗು ಬರಲಿಲ್ಲ. ಸಿಟ್ಟು ಬಂತು. ಅಜ್ಜಿಯ ಬಗ್ಗೆ ಏನು ಬರೆಯಬೇಕೆಂದು ಅಮ್ಮ ಹೇಳಿದ್ದಳೋ, ಏನನ್ನು ಕೇಳಬೇಡ ಎಂದಿದ್ದಳೋ, ಅದನ್ನು ಒಂದಕ್ಷರ ಬಿಡದೆ ಅಜ್ಜನಿಗೆ ಹೇಳಿದಳು. ಹಾಲು ಕುಡಿಸಲಾರದೆ ಅತ್ತದ್ದನ್ನೂ, ಎರಡನೇ ಹೆರಿಗೆಗೆ ಕರೆಯದೇ ಇದ್ದದ್ದನ್ನೂ ಹೇಳಿದಳು.

ಅಜ್ಜ ಡಬ್ಬಗಳ ಮುಚ್ಚಳವನ್ನು ಒಂದೊಂದಾಗಿ ಒತ್ತಿ ಮುಚ್ಚಿದ. "ಅವಳ ಮನಸ್ಸಲ್ಲಿ ಹೀಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದ. "ಎರಡನೇ ಸಲ ಅತ್ತೆ ಮನೆಯವರು ನೋಡ್ಕೊಳ್ತಾರಂತೆ ಅಂತ ನಿಮ್ಮಜ್ಜಿ ಅಂದಿದ್ಲು." ಎದ್ದು ತೊಳೆದ ಅಂಗಿ ಹಾಕಿಕೊಂಡ. ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಮೊಮ್ಮಗಳೇ ಬಿಚ್ಚಿ ಸರಿ ಮಾಡಿದಳು.

ಅಮ್ಮನ ಅಂಗಡಿ ಎರಡು ಬೀದಿ ಆಚೆ. ಸಂಜೆಯ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ಅಮ್ಮ ತಲೆ ಎತ್ತಿ ಅಪ್ಪನನ್ನು ನೋಡಿ, "ಏನಪ್ಪ, ಈ ಕಡೆ?" ಎಂದಳು. ಅಜ್ಜ ಮಡಿಸಿಟ್ಟ ಬಟ್ಟೆಗಳಿಂದ ಮಕ್ಕಳ ಎರಡು ಅಂಗಿ ಎತ್ತಿ ಅವಳ ಮುಂದೆ ಹಿಡಿದ.

"ಇವು ಕೆಂಪೋ ಹಸಿರೋ ಹೇಳು ಮಗಳೆ."

"ಅದೇನು ಆಟ?"

"ನನಗೆ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ."

ಅಲ್ಲಿಂದ ಮುಂದೆ ಅವನು ತಡವರಿಸದೆ ಎಲ್ಲ ಹೇಳಿದ. ಶಾಲು, ಗಂಟು, ಹಲ್ಲಿನ ಡಾಕ್ಟರು. ಹಸಿರು ತುಟಿಯ ಮಾತು ಬಂದಾಗ ಅಮ್ಮ ನಗಲಿಲ್ಲ. ಅವಳ ಕೈಯಲ್ಲಿ ಇಸ್ತ್ರಿ ಎತ್ತಿದ್ದು ಎತ್ತಿದಂತೆಯೇ ಇತ್ತು.

"ಒಂದು ಡಬ್ಬ ತೋರಿಸೋಕೆ ಬೀದೀಲಿ ಬೇರೆ ಯಾರೂ ಇರ್ಲಿಲ್ವಾ ಅಪ್ಪ?" ಎಂದಳು ಕೊನೆಗೆ. "ನಾನು ಜ್ವರದಲ್ಲಿ ಬೇಯ್ತಾ ಇದ್ದೆ. ಎರಡು ದಿನದ ಮಗು ಪಕ್ಕದಲ್ಲಿತ್ತು. ನಿಮ್ಮ ಮಾನ ಅಷ್ಟು ದೊಡ್ಡದಾ?"

"ಆಗ ದೊಡ್ಡದಾಗಿ ಕಾಣ್ತು."

"ಮಾರನೇ ವಾರನಾದ್ರೂ ಕಳಿಸ್ಬಹುದಿತ್ತು!"

"ಹೋಗ್ತೀನಿ ಅಂದ್ಲು. ನಾನು ಹೆದರಿ ಬಿಡ್ಲಿಲ್ಲ." ಅಜ್ಜ ಮಗಳ ಮುಖ ನೋಡಲಾರದೆ ಕೈಯಲ್ಲಿದ್ದ ಅಂಗಿಗಳನ್ನೇ ನೋಡುತ್ತಿದ್ದ. "ಮಗಳಿಗೊಬ್ಬಳಿಗೆ ನಿಜ ಹೇಳ್ತೀನಿ ಅಂತ ಕೇಳಿದ್ಲು. ಒಂದು ಸಲ ಅಲ್ಲ, ಪ್ರತಿ ಸಲ ನಿನ್ನನ್ನ ನೋಡ್ಕೊಂಡು ಬಂದಾಗ್ಲೂ ಕೇಳಿದ್ಲು. ನಾನು ಬೇಡ ಅಂದೆ. ಕೊನೆಕೊನೆಗೆ ಕೇಳೋದೂ ಬಿಟ್ಲು. ತಪ್ಪು ಅವಳದಲ್ಲಮ್ಮ. ಆಸ್ಪತ್ರೆ ಕೆಲಸಾನೂ ಬಿಟ್ಟುಬಿಡ್ತೀನಿ."

"ಬಿಡೋದೇನೂ ಬೇಡ," ಎಂದು ಅಮ್ಮ ರೇಗಿದಳು. "ಅರ್ಧ ಗೆರೆ ಹಿಡ್ಕೊಂಡು ಬಸುರಿ ಹೆಂಗಸರು ಎಲ್ಲಿಗೆ ಹೋಗ್ಬೇಕು? ನಾಳೆ ನಾನೇ ಬರ್ತೀನಿ, ನಾನೇ ಡಬ್ಬ ಕೊಡ್ತೀನಿ. ಆದ್ರೆ ನನ್ನ ಸಿಟ್ಟು ಹೋಯ್ತು ಅಂದ್ಕೋಬೇಡಿ."

"ಇಲ್ಲ, ಅಂದ್ಕೊಳ್ಳಲ್ಲ," ಎಂದ ಅಜ್ಜ.

ಗಿರಾಕಿಯೊಬ್ಬ ಬಂದು ಬಟ್ಟೆ ತೆಗೆದುಕೊಂಡು ಹೋದ. ಎಲ್ಲ ಕೇಳಿಯಾಯಿತೆಂದು ಮೊಮ್ಮಗಳು ಅಂದುಕೊಳ್ಳುತ್ತಿರುವಾಗಲೇ ಅಮ್ಮ, ಅವಳಿಗೂ ಹೊಳೆಯದೇ ಹೋಗಿದ್ದ ಒಂದು ಪ್ರಶ್ನೆ ಕೇಳಿದಳು.

"ಅವತ್ತು ಬಸ್ ಇಳಿದು ಬಂದ್ಳಲ್ಲ. ನನ್ನ ಬಗ್ಗೆ ಏನಂದ್ಲು?"

ಅಜ್ಜ ಯೋಚಿಸಿದ. "ಜಾಸ್ತಿ ಏನೂ ಅನ್ಲಿಲ್ಲ. ಕೈಕಾಲು ತೊಳ್ಕೊಂಡು ಬಣ್ಣ ಬೆರೆಸೋಕೆ ಕೂತ್ಲು. ಕೂತ್ಕೊಂಡು, 'ಹೊರಡುವಾಗ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದೆ ಕಣ್ರೀ, ಹುಡುಗಿಗೆ ಪಾಪ ನಿದ್ದೆ, ಏಳಲೇ ಇಲ್ಲ' ಅಂದ್ಲು. ನಿದ್ದೆ ಬಂತಲ್ಲ, ಜ್ವರ ಇಳೀತಿರ್ಬೇಕು ಅಂತ ಸಮಾಧಾನ ಮಾಡ್ಕೊಂಡ್ಲು."

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಮೇಜಿನ ಅಂಚು ಹಿಡಿದುಕೊಂಡಳು. ಅಜ್ಜಿ ಸತ್ತ ದಿನ ಬಾರದ ಅಳು ಈಗ ಉಕ್ಕಿ ಬಂತು, ಮಗುವಿನಂತೆ ಬಾಯಿ ತೆರೆದು ಅತ್ತಳು. ಮೊಮ್ಮಗಳು ಓಡಿ ಹೋಗಿ ಅವಳ ಭುಜ ಹಿಡಿದಳು.

"ನಿದ್ದೆ ಮಾಡ್ತಿರ್ಲಿಲ್ಲ ಕಣೇ," ಎಂದಳು ಅಮ್ಮ. "ಎಚ್ಚರವಾಗೇ ಇದ್ದೆ. ಅವಳು ನಿಂತಿದ್ದು ನನಗೆ ಗೊತ್ತಿತ್ತು. ಬೇಕು ಅಂತಾನೇ ಕಣ್ಣು ಮುಚ್ಕೊಂಡಿದ್ದೆ."